ಪಿಕಳಾರ ತಲೆಕೆಳಗಾಗಿ ಕೂತ ದಿನ

ಲೋಕ ಆಗತಾನೆ ಸಾರಿಸಿದ ನೆಲದ ಹಾಗೆ ಹಸಿಹಸಿಯಾಗಿತ್ತು. ಎಲ್ಲಿ ಕಾಲಿಟ್ಟರೂ ಹೆಜ್ಜೆ ಮೂಡುತ್ತಿತ್ತು. ಬೆಟ್ಟಕ್ಕೆ ಒರಗಿ ನಿಂತರೆ ಬೆಟ್ಟದ ಮೇಲೆ ಬೆನ್ನಿನ ಅಚ್ಚು ಉಳಿಯುತ್ತಿತ್ತು. ನಮ್ಮ ಮನೆತನದ ಹಿರಿಯನೊಬ್ಬ ಊಟ ಮಾಡಿ ಹಾಗೆ ಒರಗಿಕೊಂಡಿದ್ದ ಬೆಟ್ಟ ಈಗಲೂ ಇದೆ. ನಡುವೆ ಒಂದು ದೊಡ್ಡ ತಗ್ಗು. ಜನ ಅದನ್ನು ಕಣಿವೆ ಅನ್ನುತ್ತಾರೆ, ಅನ್ನಲಿ.

ಆಗ ಹಾಗಲಕಾಯಿ ಸಿಹಿಯಾಗಿತ್ತು. ಹೊಳೆಗಳಿಗೆ ಇನ್ನೂ ದಾರಿ ಬಾಯಿಪಾಠ ಆಗಿರಲಿಲ್ಲ. ಬೆಳಿಗ್ಗೆ ಎದ್ದು ಯಾರನ್ನಾದರೂ ಕೇಳಿಕೊಂಡು ಹರಿಯುತ್ತಿದ್ದವು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವುದು ಗಾಳಿಯ ಕೆಲಸ. ಹಿತ್ತಲಲ್ಲಿ ಪಿಸುಗುಟ್ಟಿದರೂ ಸರಿ, ಗಾಳಿ ಎತ್ತಿಕೊಂಡು ಹೋಗಿ ಸೇರಬೇಕಾದ ಕಿವಿಗೆ ಸೇರಿಸುತ್ತಿತ್ತು.

ಹಸಿ ಲೋಕದ ಇನ್ನೊಂದು ಗುಣ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆಗ ನೆರಳು ಮೈಗೆ ಅಂಟಿಕೊಂಡೇ ಇತ್ತು. ನೆರಳಿಗೆ ಏನು ಮಾಡಿದರೂ ಅದು ಮೈಗೆ ತಾಕುತ್ತಿತ್ತು. ನೆರಳಿಗೆ ಕಚಗುಳಿ ಇಟ್ಟರೆ ಮನುಷ್ಯ ನಗುತ್ತಿದ್ದ. ನೆರಳಿನ ಮೇಲೆ ಮಜ್ಜಿಗೆ ಚೆಲ್ಲಿದರೆ ಬೆನ್ನು ತಣ್ಣಗಾಗುತ್ತಿತ್ತು.

ಮತ್ತೆ, ಹಕ್ಕಿಗಳೆಲ್ಲ ಒಂದೇ ಬಣ್ಣ. ಒಲೆಯ ಬೂದಿಯ ಬಣ್ಣ. ಕಾಗೆಯೂ ಬೂದಿ, ಗಿಳಿಯೂ ಬೂದಿ, ಬೆಳ್ಳಕ್ಕಿಯೂ ಬೂದಿ. ಹಿತ್ತಲ ತುಂಬ ಹಾರಾಡುವ ಬೂದಿ.

ಆ ಕಾಲದಲ್ಲಿ ಹೂವಕ್ಕ ಅನ್ನುವ ಹೆಂಗಸು ಬಾಣಂತನಕ್ಕೆಂದು ತವರಿಗೆ ಬಂದಳು. ಲೋಕದಲ್ಲಿ ಕೋಣೆ ಸೇರಿದ ಮೊದಲನೇ ಬಾಣಂತಿ ಅವಳೇ. ಅವಳ ತಾಯಿ ಕಾಳವ್ವ ಬಲು ಕಟ್ಟುನಿಟ್ಟು. ಬಾಣಂತಿಗೆ ಗಾಳಿ ತಾಕಬಾರದು, ಬಿಸಿಲು ಬೀಳಬಾರದು, ನಲವತ್ತು ದಿನ ಹೊಸಿಲು ದಾಟಬಾರದು ಎಂದು ಕಟ್ಟಲೆ ಮಾಡಿದವಳು ಅವಳೇ. ಮಗಳ ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಸುತ್ತಿ, ಮನೆಯ ಹಿಂದಿನ ಕೋಣೆಯಲ್ಲಿ ಮಲಗಿಸಿದಳು. ಮಂಚದ ಕೆಳಗೆ ಅಗ್ಗಿಷ್ಟಿಕೆ, ಅದರ ಮೇಲೆ ಸಾಂಬ್ರಾಣಿ. ಬಾಗಿಲ ಸಂದಿಗೂ ಬಟ್ಟೆ ತುರುಕಿದಳು.

ಒಳಗೆ ಬರಲು ಬಂದ ಗಾಳಿಯನ್ನು ಹೊರಗೇ ತಡೆದು, ನಿನಗೆ ಈ ಕೋಣೆಯಲ್ಲಿ ಏನೂ ಕೆಲಸವಿಲ್ಲ, ನಲವತ್ತು ದಿನ ಇತ್ತ ಸುಳಿಯಬೇಡ ಎಂದಳು. ಗಾಳಿ ಮುಖ ಸಣ್ಣ ಮಾಡಿಕೊಂಡು ಬಾವಿಯ ಕಡೆಗೆ ಹೋಯಿತು.

ಕೋಣೆ ಕತ್ತಲೆ ಎಂದರೆ ಕತ್ತಲೆ. ಕಣ್ಣು ಮುಚ್ಚಿದರೂ ಒಂದೇ, ಬಿಟ್ಟರೂ ಒಂದೇ. ಪಕ್ಕದಲ್ಲಿ ಕೂಸು. ಹೂವಕ್ಕ ಹುಟ್ಟಿದಾಗಿನಿಂದ ಹಿತ್ತಲಲ್ಲೇ ಬೆಳೆದವಳು. ನಿಂಬೆ ಗಿಡ, ದಾಸವಾಳ, ಬಾವಿಕಟ್ಟೆ, ಅಲ್ಲಿ ಬಂದು ಕೂರುವ ಹಕ್ಕಿಗಳು, ಇವೇ ಅವಳ ಗೆಳತಿಯರು. ಈಗ ಅವರ ಸದ್ದು ಮಾತ್ರ, ಅದೂ ಹತ್ತಿಯ ಮೂಲಕ.

ಮೂರನೇ ದಿನ ಒಂದು ಕರಿ ದುಂಬಿ ಬಂತು. ಆಗ ಬಡಗಿಗಳು ಇನ್ನೂ ಹುಟ್ಟಿರಲಿಲ್ಲ, ಮರದ ಕೆಲಸವೆಲ್ಲ ದುಂಬಿಯದೇ. ಅದು ಹಿತ್ತಲ ಬಾಗಿಲ ಹಲಗೆಗೆ ತಲೆ ಕೊಟ್ಟು, ಗುಂಯ್ ಎಂದು ಕೊರೆದು, ಗುಂಡನೆಯ ತೂತು ಮಾಡಿತು. ಕಡಲೆ ಕಾಳು ದಾಟುವಷ್ಟು. ಆಚೆ ಸಿಕ್ಕಿದ್ದು ಕತ್ತಲೆ ಮತ್ತು ಸಾಂಬ್ರಾಣಿ ಹೊಗೆ. ಕೆಮ್ಮುತ್ತ ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ಹಾರಿಹೋಯಿತು.

ತೂತಿನಿಂದ ಬೆಳಕು ಒಳಗೆ ಬಂತು. ಎದುರಿನ ಸುಣ್ಣದ ಗೋಡೆಯ ಮೇಲೆ ಬಿತ್ತು.

ಹೂವಕ್ಕ ಎದ್ದು ಕೂತಳು. ಗೋಡೆಯ ಮೇಲೆ ಹಿತ್ತಲು ಇತ್ತು. ನಿಂಬೆ ಗಿಡ ಇತ್ತು, ಬಾವಿ ಇತ್ತು, ಆಕಾಶ ಇತ್ತು. ಎಲ್ಲ ಇತ್ತು, ಆದರೆ ಎಲ್ಲ ತಲೆಕೆಳಗು. ಬಾಳೆಗಿಡ ತಲೆಯ ಮೇಲೆ ನಿಂತಿತ್ತು. ಅವ್ವ ಕಾಲು ಮೇಲಾಗಿ ಬಾವಿಗೆ ಹೋದಳು, ಕಾಲು ಮೇಲಾಗಿ ವಾಪಸು ಬಂದಳು, ಕೊಡದಿಂದ ಒಂದು ತೊಟ್ಟು ನೀರು ಚೆಲ್ಲಲಿಲ್ಲ.

ಬಿಸಿನೀರು ತಂದ ಕಾಳವ್ವನಿಗೆ ಹೂವಕ್ಕ ಅದನ್ನು ಹೇಳಿದಳು. ಕಾಳವ್ವ ಮಗಳ ತಲೆಗೆ ಇನ್ನೊಂದು ಸುತ್ತು ಬಟ್ಟೆ ಬಿಗಿದಳು.

ಅಂದಿನಿಂದ ಹೂವಕ್ಕನಿಗೆ ಹೊತ್ತು ಹೋಗುವುದೇ ಗೊತ್ತಾಗಲಿಲ್ಲ. ಹಕ್ಕಿ ಬಂದು ನಿಂಬೆ ಕೊಂಬೆಯ ಮೇಲೆ ಕೂತರೆ, ಅದರ ಚಿತ್ರ ಗೋಡೆಯ ಮೇಲೆ ಅಡಕೆಯ ಗಾತ್ರಕ್ಕೆ ಮೂಡುತ್ತಿತ್ತು, ತಲೆ ಕೆಳಗೆ, ಬಾಲ ಮೇಲೆ. ಹಕ್ಕಿ ಹಾರಿದರೆ ಚಿತ್ರವೂ ಹಾರುತ್ತಿತ್ತು. ಅವಳಿಗೆ ಅದೊಂದೇ ಕೊರಗು. ಕೂಸಿಗೆ ಇನ್ನೂ ಕಣ್ಣು ನಿಂತಿಲ್ಲ. ಅದು ನೋಡುವ ಹೊತ್ತಿಗೆ ತೋರಿಸಲು ಒಂದಾದರೂ ಹಕ್ಕಿ ಗೋಡೆಯ ಮೇಲೆ ಉಳಿಯಬಾರದೇ ಎಂದು ಆಸೆ.

ಇದ್ದಿಲಿನಿಂದ ಗೆರೆ ಎಳೆದು ನೋಡಿದಳು. ಕೊಕ್ಕು ಬರೆಯುವಷ್ಟರಲ್ಲಿ ಹಕ್ಕಿ ಇಲ್ಲ. ಒಂದು ದಿನ ಕಾಗೆ ಬಂದು ಕೂತಿತು. ಹೂವಕ್ಕನ ಕೈಯಲ್ಲಿ ಕೂಸಿಗೆ ಹಚ್ಚುವ ಕಾಡಿಗೆ ಇತ್ತು. ಗೆರೆ ಎಳೆಯುವಷ್ಟು ತಾಳ್ಮೆ ಯಾರಿಗಿದೆ ಎಂದು ಕಾಡಿಗೆಯ ಬೆರಳನ್ನೇ ಚಿತ್ರದ ಮೇಲೆ ಒತ್ತಿ ಸವರಿಬಿಟ್ಟಳು.

ಹೊರಗೆ ದೊಡ್ಡ ಗದ್ದಲ ಎದ್ದಿತು. ಕಾಗೆ ಕೊಕ್ಕಿನಿಂದ ಬಾಲದವರೆಗೆ ಕಪ್ಪಾಗಿತ್ತು.

ನಾನು ಆಗಲೇ ಹೇಳಿದೆನಲ್ಲ, ಲೋಕ ಹಸಿ ಎಂದು. ಗೋಡೆಯ ಮೇಲಿನ ಚಿತ್ರವೂ ಒಂದು ನೆರಳೇ ತಾನೆ.

ಕಾಗೆ ಬಾವಿಯ ನೀರಿನಲ್ಲಿ ತನ್ನನ್ನು ನೋಡಿಕೊಂಡಿತು. ಎಡಕ್ಕೆ ತಿರುಗಿ ನೋಡಿತು, ಬಲಕ್ಕೆ ತಿರುಗಿ ನೋಡಿತು. ಹಕ್ಕಿಗಳೆಲ್ಲ ಸುತ್ತ ಸೇರಿದವು. ಅಷ್ಟು ಮಿಂಚುವ ಮೈಯನ್ನು ಯಾರೂ ಕಂಡಿರಲಿಲ್ಲ. ಕಾಗೆ ಬಾಗಿಲ ತೂತಿಗೆ ಕೊಕ್ಕಿಟ್ಟು, ಒಳಗೆ ಯಾರಿದ್ದೀರಿ ಎಂದು ಕೇಳಿತು. ಹೂವಕ್ಕ ತಾನೇ ಎಂದಳು. ಹೀಗೆ ಹೀಗೆ ಎಂದು ಗೋಡೆಯ ಮೇಲಿನ ತಲೆಕೆಳಗಿನ ಹಿತ್ತಲ ವಿಚಾರ ಹೇಳಿದಳು.

ಒಂದು ತೊಡಕಿತ್ತು. ಹಕ್ಕಿ ತೂತಿಗೆ ಕೊಕ್ಕಿಟ್ಟರೆ ಬೆಳಕು ನಿಲ್ಲುತ್ತಿತ್ತು, ಚಿತ್ರ ಮಾಯ. ಹಕ್ಕಿ ಕೊಂಬೆಗೆ ಹೋದರೆ ಚಿತ್ರ ಬರುತ್ತಿತ್ತು, ಆದರೆ ಮಾತು ನಿಲ್ಲುತ್ತಿತ್ತು, ಏಕೆಂದರೆ ಮಾತು ಹೊರುವ ಗಾಳಿಗೆ ಕೋಣೆಯೊಳಗೆ ಬರಲು ಅಪ್ಪಣೆಯಿಲ್ಲ. ಮಾತು ಬೇಕಾದರೆ ಚಿತ್ರವಿಲ್ಲ, ಚಿತ್ರ ಬೇಕಾದರೆ ಮಾತಿಲ್ಲ.

ಆದರೂ ಹಕ್ಕಿಗಳು ಸಾಲುಗಟ್ಟಿ ಬಂದವು. ಬಾಣಂತಿ ಕೋಣೆಯಲ್ಲಿ ಬಣ್ಣಕ್ಕೇನು ಬರ. ಬೆಳ್ಳಕ್ಕಿ ಬಿಳಿ ಕೇಳಿತು. ಎಲೆಯಡಿಕೆ ತಟ್ಟೆಯ ಸುಣ್ಣ ತೆಗೆದು ಸವರಿದಳು. ಗಿಳಿ ಹಸಿರು ಕೇಳಿತು. ವೀಳ್ಯದೆಲೆ ಹಿಂಡಿ ಸವರಿದಳು. ಗಿಳಿಗೆ ಆಸೆ ಹೆಚ್ಚು, ಬೇಕಾದ್ದು ಸಿಕ್ಕಮೇಲೂ ಬಂದು ತೂತಿನಲ್ಲಿ ಕೊಕ್ಕಿನ ತುದಿ ತುರುಕಿ ಒಂದು ಚೂರು ತಾಂಬೂಲ ಈಸಿಕೊಂಡು ತಿಂದಿತು. ಅದರ ಕೊಕ್ಕು ಆಗ ಕೆಂಪಾದದ್ದು.

ಒಂದೊಂದು ಹಕ್ಕಿಗೆ ಒಂದೊಂದೇ ಬಣ್ಣ. ತಲೆ ಯಾವುದು, ಬಾಲ ಯಾವುದು ಎಂದು ನೋಡುವ ತಾಪತ್ರಯವೇ ಇರಲಿಲ್ಲ.

ಎಲ್ಲ ಬಂದರು, ಏಳು ಜನ ಹರಟೆಮಲ್ಲರು ಮಾತ್ರ ಬರಲಿಲ್ಲ. ಹರಟೆಮಲ್ಲ ಎಂದರೆ ಗುಂಪುಗುಂಪಾಗಿ ನೆಲದ ಮೇಲೆ ಕುಪ್ಪಳಿಸುತ್ತ, ಒಣಗಿದ ಎಲೆ ಮಗುಚುತ್ತ, ದಿನವಿಡೀ ಜಗಳದಂಥ ಮಾತಾಡುವ ಹಕ್ಕಿ. ಯಾವ ಬಣ್ಣ ಕೇಳಬೇಕು ಎಂದು ಅವರು ಅಂದು ಶುರು ಮಾಡಿದ ಚರ್ಚೆ ಇನ್ನೂ ಮುಗಿದಿಲ್ಲ. ಅದಕ್ಕೇ ಅವರು ಇವತ್ತಿಗೂ ಬೂದಿ.

ಕೋಗಿಲೆ ಬಂದು ತನಗೂ ಕಾಗೆಯ ಬಣ್ಣವೇ ಬೇಕೆಂದಿತು. ಹೂವಕ್ಕ ಕೊಟ್ಟಳು. ಎರಡೇ ದಿನದಲ್ಲಿ ಕಾಗೆಯ ಗೂಡಿನಲ್ಲಿ ಯಾವ ಮೊಟ್ಟೆ ಯಾರದು ಎಂಬ ರಾದ್ಧಾಂತ ಶುರುವಾಯಿತು.

ಇಪ್ಪತ್ತನೇ ದಿನ ಬೆಳಿಗ್ಗೆ ತೂತಿನಲ್ಲಿ ಒಂದು ಸಣ್ಣ ಕೊಕ್ಕು ಕಾಣಿಸಿತು. ಪಿಕಳಾರ. ಕೆಲವರು ಬುಲ್‌ಬುಲ್ ಅನ್ನುತ್ತಾರೆ, ಅದೇ. ದಾಸವಾಳದ ಗಿಡದಲ್ಲಿ ಗೂಡು ಕಟ್ಟಿದ್ದ ಹೆಣ್ಣು. ಗಟ್ಟಿಯಾಗಿ ಮಾತಾಡಿದರೆ ಕೂಸು ಏಳುತ್ತದೆಂದು ಅದಕ್ಕೂ ಗೊತ್ತಿತ್ತು.

"ಹೂವಕ್ಕ, ನನಗೆ ಒಂದು ಬಣ್ಣ ಸಾಲದು," ಎಂದಿತು ಮೆಲ್ಲಗೆ. "ಎರಡು ಬೇಕು. ಇನ್ಯಾರಿಗೂ ಇಲ್ಲದ ಹಾಗೆ ಇರಬೇಕು."

ಹೂವಕ್ಕನಿಗೆ ನಗು ಬಂತು. ಗಿಳಿಯ ಗಾಳಿ ಬೀಸಿತೇನೋ ನಿನಗೆ ಎಂದು ರೇಗಿಸಿದಳು.

ಪಿಕಳಾರ ನಗಲಿಲ್ಲ. "ಹೋದ ಸಲ ಮೂರು ಮರಿ ಇದ್ದವು ಅಕ್ಕ. ಹಾರುವುದು ಕಲಿತ ದಿನ ಹರಟೆಮಲ್ಲರು ಕೆಳಗೆ ಹಾದುಹೋದರು. ನನ್ನ ಮರಿಗಳು ಅವರ ಹಿಂದೆ ಹೊರಟವು. ನಾನು ಕೂಗಿದೆ, ಆ ಗಲಾಟೆಯಲ್ಲಿ ಕೇಳಿಸಲಿಲ್ಲ. ಒಂದು ಮರಿ ತಿರುಗಿ ನೋಡಿತು. ನೋಡಿದರೂ ಗುರುತು ಹಿಡಿಯಲಿಲ್ಲ. ಅದರ ತಪ್ಪೇನು. ಅವರೂ ಬೂದಿ, ನಾನೂ ಬೂದಿ."

ಹೂವಕ್ಕ ಕತ್ತಲೆಯಲ್ಲಿ ಕೈ ಚಾಚಿ ಕೂಸಿನ ಕಾಲು ಹುಡುಕಿ ಹಿಡಿದುಕೊಂಡಳು. ಹುಟ್ಟಿದಾಗಿನಿಂದ ಇದು ಹೆತ್ತವಳ ಮುಖವನ್ನೂ ನೋಡಿಲ್ಲ. ನಲವತ್ತನೇ ದಿನ ಬೆಳಕಿಗೆ ಹೋದಾಗ ಇದೂ ಯಾರು ನೀನು ಎಂಬಂತೆ ನೋಡಿದರೆ ಎಂದು ಅವಳಿಗೂ ಒಳಗೊಳಗೇ ಅಳುಕಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಈಗ ಗೂಡಿನಲ್ಲಿ ಮತ್ತೆ ಮೂರು ಮೊಟ್ಟೆ, ಇನ್ನು ನಾಲ್ಕಾರು ದಿನಕ್ಕೆ ಒಡೆಯುತ್ತವೆ ಎಂದಿತು ಪಿಕಳಾರ.

ಹೂವಕ್ಕ ಯೋಚಿಸಿ ಹೇಳಿದಳು. ಹಣೆಗೆ ಕುಂಕುಮ ಇಡುತ್ತೇನೆ, ನಿನ್ನ ಮಕ್ಕಳು ಮುಖ ನೋಡಿದ ಕೂಡಲೇ ಗುರುತು ಹಿಡಿಯಲಿ. ಗೂಡಿಗೆ ಯಾರ ಕಣ್ಣೂ ಬೀಳದ ಹಾಗೆ ಬಾಲದ ಬುಡಕ್ಕೆ ಕಾಡಿಗೆಯ ದೃಷ್ಟಿಬೊಟ್ಟು ಇಡುತ್ತೇನೆ, ಕೂಸಿಗೆ ಅಂಗಾಲಿಗೆ ಇಡುತ್ತೇವಲ್ಲ ಹಾಗೆ. ನೀನು ಕೊಂಬೆಯ ಮೇಲೆ ಮೈ ಮುದುರಿಕೊಂಡು ಅಲ್ಲಾಡದೆ ಕೂತರೆ ಸಾಕು, ಮಿಕ್ಕಿದ್ದು ನನಗೆ ಬಿಡು.

ಮಿಕ್ಕಿದ್ದು ಎಂದರೆ ತಲೆಕೆಳಗಿನ ಲೆಕ್ಕ. ಚಿತ್ರ ತಲೆಕೆಳಗು ಬೀಳುತ್ತದೆ, ಹಾಗಾಗಿ ಕುಂಕುಮವನ್ನು ಚಿತ್ರದ ಕೆಳತುದಿಗೆ ಇಡಬೇಕು, ಕಾಡಿಗೆಯನ್ನು ಮೇಲ್ತುದಿಗೆ. ಇದನ್ನು ಅವಳು ಮನಸ್ಸಿನಲ್ಲೇ ಮಾಡಿಕೊಂಡಳು. ಬಾಯಿಬಿಟ್ಟು ಹೇಳಲಿಲ್ಲ.

ಪಿಕಳಾರ ಕೊಂಬೆಗೆ ಹೋಯಿತು. ಅಲ್ಲಿ ಕಾಗೆ ಕೂತಿತ್ತು. ಮೊದಲು ಬಣ್ಣ ಹಾಕಿಸಿಕೊಂಡವನು ಎಂಬ ಜಂಬ ಅದಕ್ಕೆ, ಯಾರು ಬಂದರೂ ಬುದ್ಧಿ ಹೇಳದೆ ಕಳಿಸುತ್ತಿರಲಿಲ್ಲ.

"ಎರಡು ಬಣ್ಣವೋ," ಎಂದಿತು ಕಾಗೆ. "ಹಾಗಾದರೆ ಕೇಳು ತಂಗಿ. ಒಳಗೆ ಎಲ್ಲ ತಲೆಕೆಳಗು ಕಾಣುತ್ತದೆ, ಹೂವಕ್ಕನೇ ನನಗೆ ಹೇಳಿದ್ದು. ನೀನು ನೆಟ್ಟಗೆ ಕೂತರೆ ಅವಳು ಬಾಲವನ್ನೇ ತಲೆ ಅಂದುಕೊಳ್ಳುತ್ತಾಳೆ. ಪಾಪ, ಹಸಿ ಬಾಣಂತಿ, ಹೊಗೆಯಲ್ಲಿ ಕಣ್ಣು ಬೇರೆ ಉರಿಯುತ್ತಿರುತ್ತದೆ. ನೀನೇ ತಲೆಕೆಳಗಾಗಿ ನೇತಾಡು. ಆಗ ಒಳಗೆ ಸರಿಯಾಗಿ ಕಾಣುತ್ತದೆ."

ಪಿಕಳಾರಕ್ಕೆ ಸರಿ ಎನ್ನಿಸಿತು. ತನಗಾಗಿ ಅಷ್ಟು ಮಾಡುವವಳಿಗೆ ತಾನು ಇಷ್ಟು ಮಾಡಬಾರದೇ. ಅದು ಎಂದೂ ತಲೆಕೆಳಗಾಗಿ ಕೂತ ಹಕ್ಕಿಯಲ್ಲ. ಕೊಂಬೆಯನ್ನು ಬಿಗಿಯಾಗಿ ಹಿಡಿದು, ಉಸಿರು ಕಟ್ಟಿ, ಬಾವಲಿಯ ಹಾಗೆ ಕೆಳಕ್ಕೆ ಜೋತುಬಿತ್ತು. ತಲೆಯನ್ನೂ ರೆಕ್ಕೆಯನ್ನೂ ಮುದುರಿಕೊಂಡು ನಿಂಬೆಹಣ್ಣಿನಂತಾಯಿತು. ಕಣ್ಣು ಮುಚ್ಚಿತು.

ಗೋಡೆಯ ಮೇಲೆ ಬೂದಿ ಬಣ್ಣದ ಒಂದು ಉಂಡೆ ಮೂಡಿತು.

ಹೂವಕ್ಕ ಎಡಗೈಯಲ್ಲಿ ಕಣ್ಣೊರೆಸಿಕೊಂಡು ನೋಡಿದಳು. ಉಂಡೆಯಲ್ಲಿ ತಲೆಯೂ ತಿಳಿಯದು, ಬಾಲವೂ ತಿಳಿಯದು. ಎಲೆಗಳ ನಡುವೆ ಕೊಂಬೆ ಯಾವ ಕಡೆಗಿದೆ ಎಂಬುದೂ ತಿಳಿಯದು. ನೆಟ್ಟಗೆ ಕೂತಿದ್ದೀಯ ತಾನೆ ಎಂದು ಪಿಸುಗುಟ್ಟಿದಳು. ಆ ಮಾತು ಅವಳ ಬಾಯಿಂದ ಹೊರಟು, ಎತ್ತಿಕೊಂಡು ಹೋಗುವ ಗಾಳಿಯಿಲ್ಲದೆ, ಅಲ್ಲೇ ಮಂಚದ ಕೆಳಗೆ ಬಿತ್ತು. ಹೊರಗೆ ಗಾಳಿ ಬಾವಿಕಟ್ಟೆಯ ಮೇಲೆ ಕೆಲಸವಿಲ್ಲದೆ ಕೂತಿತ್ತು.

ಹೂವಕ್ಕ ತನ್ನ ಲೆಕ್ಕದಂತೆ ಉಂಡೆಯ ಕೆಳತುದಿಗೆ ಕುಂಕುಮ ಇಟ್ಟಳು. ಇಡುವುದು ಇಡುತ್ತೇನೆ, ಧಾರಾಳವಾಗಿ ಇಡೋಣ ಎಂದು ಎರಡು ಸಲ ಇಟ್ಟಳು. ಮೇಲ್ತುದಿಗೆ ಕಾಡಿಗೆ ಒತ್ತಿದಳು. ಕೈ ಸ್ವಲ್ಪ ಜಾರಿ ಕಾಡಿಗೆ ಹೆಚ್ಚೇ ಹರಡಿತು.

ಇವಳೂ ತಿರುಗಿಸಿದಳು, ಅದೂ ತಿರುಗಿತು. ಎರಡು ಒಳ್ಳೆಯತನ ಸೇರಿ ಒಂದು ಎಡವಟ್ಟು.

ಪಿಕಳಾರ ಕಣ್ಣು ಬಿಟ್ಟಾಗ ಬೆಳ್ಳಕ್ಕಿ ಮುಖ ತಿರುಗಿಸಿಕೊಂಡಿತ್ತು. ಕಾಗೆ ತುಂಬ ಹೊತ್ತು ತಡೆದುಕೊಂಡಿತು, ಆಮೇಲೆ ಆಗಲಿಲ್ಲ. ಅಂದು ಕಾಗೆ ನಕ್ಕ ನಗೆಗೆ ಅದರ ಗಂಟಲು ಒಡೆದದ್ದು ಇವತ್ತಿಗೂ ಸರಿಹೋಗಿಲ್ಲ.

ಪಿಕಳಾರ ಬಾವಿಗೆ ಹಾರಿ ನೀರಿನಲ್ಲಿ ನೋಡಿಕೊಂಡಿತು. ತಲೆ ಪೂರ್ತಿ ಕಪ್ಪು. ಹಣೆಯಲ್ಲಿ ಕುಂಕುಮವಿಲ್ಲ. ಜುಟ್ಟನ್ನು ಎತ್ತಿ ನೋಡಿತು, ಇಳಿಸಿ ನೋಡಿತು, ಇಲ್ಲವೇ ಇಲ್ಲ. ಕುಂಕುಮ ಇದ್ದದ್ದು ಬಾಲದ ಕೆಳಗೆ, ಯಾರ ಕಣ್ಣಿಗೂ ಬೀಳಬಾರದ ಕಡೆ, ಕೆಂಡದಂತೆ.

ಗಿಳಿಯ ಬಾಯಿ ಕೇಳಬೇಕೇ. "ಇನ್ನು ಮೇಲೆ ನಿನ್ನನ್ನು ಯಾವ ಕಡೆ ನಿಂತು ಮಾತಾಡಿಸಬೇಕು ತಾಯಿ," ಎಂದಿತು.

ಪಿಕಳಾರ ತೂತಿಗೆ ಬಂದು ಅತ್ತಿತು. ಹೂವಕ್ಕ ಮೊದಲು ಏನೂ ಅರ್ಥವಾಗದೆ, ಆಮೇಲೆ ಅರ್ಥವಾಗಿ, ತಾನೂ ಅತ್ತಳು. ಗೋಡೆಯ ಮೇಲಿನ ಬಣ್ಣ ಒರೆಸಿ ನೋಡಿದಳು, ಮೈಗೆ ಹತ್ತಿದ್ದು ಹೋಗಲಿಲ್ಲ. ನೆರಳಿನ ಮೂಲಕ ಹೋದದ್ದು ನೆರಳಿನ ಮೂಲಕ ಹಿಂದೆ ಬಾರದು. ಅದನ್ನು ಹರಳೆಣ್ಣೆಯಲ್ಲಿ, ಕೈಯಾರೆ ಮೈಯನ್ನೇ ಉಜ್ಜಿ ತೆಗೆಯಬೇಕು.

"ನಲವತ್ತನೇ ದಿನ ನಾನು ಹೊರಗೆ ಬರುತ್ತೇನೆ," ಎಂದಳು. "ಅಂದು ಎಣ್ಣೆ ತರುತ್ತೇನೆ. ಕೆಳಗಿನ ಕುಂಕುಮ ಒರೆಸಿ ಹಣೆಗೆ ಇಡುತ್ತೇನೆ. ಅಲ್ಲಿಯವರೆಗೆ ತಡೆದುಕೋ."

ಬಣ್ಣ ತಿದ್ದಲು ಆ ನಲವತ್ತನೇ ದಿನವೇ ಕೊನೆಯ ದಿನವೂ ಆಗಿತ್ತು. ಅವಳು ಕೋಣೆ ಸೇರಿದ ದಿನವೇ ಲೋಕ ಆರತೊಡಗಿತ್ತು, ಪೂರ್ತಿ ಆರಲು ನಲವತ್ತು ದಿನ ಬೇಕು. ನಲವತ್ತನೇ ದಿನ ಸಂಜೆಗೆ ಹಸಿ ಆರಿ, ಎಲ್ಲೆಲ್ಲಿ ಯಾವ ಬಣ್ಣ ಇದೆಯೋ ಅಲ್ಲಲ್ಲೇ ಉಳಿದುಬಿಡುತ್ತದೆ. ಬಾಣಂತಿಯ ನಲವತ್ತು ದಿನ, ಲೋಕದ ನಲವತ್ತು ದಿನ ಒಂದೇ.

ಮೊಟ್ಟೆಗಳು ಒಡೆದವು. ಪಿಕಳಾರ ಆಗಾಗ ತೂತಿಗೆ ಬಂದು ಸುದ್ದಿ ಹೇಳುತ್ತಿತ್ತು. ಮೂರು ಮರಿ. ಕಣ್ಣು ಬಿಟ್ಟವು. ಗರಿ ಬಂದವು. ಸುದ್ದಿ ಹೇಳಿ ಮುಗಿಸಿ ಪ್ರತಿ ಸಲವೂ ಇನ್ನೆಷ್ಟು ದಿನ ಎಂದು ಕೇಳುತ್ತಿತ್ತು. ನಾಚಿಕೆಯಿಂದ ಅದು ಬಾಲವನ್ನು ಕೊಂಬೆಗೆ ಒತ್ತಿಕೊಂಡೇ ಕೂರುತ್ತಿತ್ತು. ಗೂಡಿನ ಅಂಚಿಗೆ ಬಂದು ಹುಳ ತಿನ್ನಿಸುವಾಗ ಮಾತ್ರ ಬಾಲ ಎತ್ತದೆ ಆಗುತ್ತಿರಲಿಲ್ಲ. ಅಲ್ಲಿ ನೋಡುವವರು ಯಾರು ಎಂದು ಸಮಾಧಾನ ಮಾಡಿಕೊಳ್ಳುತ್ತಿತ್ತು.

ನಲವತ್ತನೇ ದಿನ ಬಂತು. ಕಾಳವ್ವ ಬಾಗಿಲ ಸಂದಿಯ ಬಟ್ಟೆ ಕಿತ್ತಳು. ಹೂವಕ್ಕ ಕೂಸನ್ನು ಎತ್ತಿಕೊಂಡು, ಒಂದು ಕೈಯಲ್ಲಿ ಹರಳೆಣ್ಣೆ ಬಟ್ಟಲು, ಬಟ್ಟೆ ಚೂರು, ಕುಂಕುಮದ ಭರಣಿ ಹಿಡಿದು ಹೊರಗೆ ಬಂದಳು. ಬೆಳಕು ಕಣ್ಣಿಗೆ ಚುಚ್ಚಿತು. ಬಾಳೆಗಿಡ ನೆಟ್ಟಗೆ ನಿಂತಿತ್ತು. ಅದನ್ನು ಕಂಡು ಅವಳಿಗೆ ಒಂದು ಗಳಿಗೆ ತಲೆ ಸುತ್ತಿತು. ಗಾಳಿ ಓಡಿ ಬಂದು ನಲವತ್ತು ದಿನದ ಸುದ್ದಿಯನ್ನು ಒಟ್ಟಿಗೇ ಹೇಳಲು ಶುರು ಮಾಡಿತು. ಹೂವಕ್ಕ, ತಡೆಯಪ್ಪ, ಮೊದಲು ಕೆಲಸ ಇದೆ ಎಂದಳು.

ದಾಸವಾಳದ ಗಿಡದ ಬುಡದಲ್ಲಿ ಕೂತಳು. ಕೂಸನ್ನು ಮಡಿಲಲ್ಲಿ ಹಾಕಿಕೊಂಡಳು. ಕೂಸು ಬೆಳಕಿಗೆ ಹೆದರಿ ಕಣ್ಣು ಬಿಗಿಯಾಗಿ ಮುಚ್ಚಿತ್ತು. ಪಿಕಳಾರ ಬಂದು ಅವಳ ಅಂಗೈಯಲ್ಲಿ ಕೂತಿತು.

"ಬೇಗ ಮಾಡು ಅಕ್ಕ," ಎಂದಿತು. "ಇವತ್ತೇ ಮರಿಗಳು ಹಾರುತ್ತವೆ."

ಹೂವಕ್ಕ ಬಟ್ಟೆಯನ್ನು ಎಣ್ಣೆಯಲ್ಲಿ ಅದ್ದಿ, ಬಾಲದ ತುದಿಯಿಂದ ಶುರು ಮಾಡಿದಳು. ಒಂದು ಸಲ ಉಜ್ಜಿದಳು. ತುದಿಯ ಬಣ್ಣ ಬಿಟ್ಟು ಬೆಳ್ಳಗಾಯಿತು. ಇನ್ನು ಕುಂಕುಮಕ್ಕೆ ಬಟ್ಟೆ ತಾಗಬೇಕು, ಅಷ್ಟರಲ್ಲಿ ಬೇಲಿಯ ಕಡೆಯಿಂದ ಗಲಾಟೆ ಕೇಳಿಸಿತು.

ಏಳು ಜನ ಹರಟೆಮಲ್ಲರು. ಹಸಿರು ಒಳ್ಳೆಯದೋ ಹಳದಿ ಒಳ್ಳೆಯದೋ ಎಂದು ಕಿರುಚಾಡುತ್ತ, ಎಲೆ ಮಗುಚುತ್ತ, ದಾಸವಾಳದ ಕಡೆಗೇ ಬರುತ್ತಿದ್ದರು.

ಗೂಡಿನಲ್ಲಿ ದೊಡ್ಡ ಮರಿ ಅಂಚಿಗೆ ಬಂದು ಬಗ್ಗಿ ನೋಡಿತು. ಬಗ್ಗಿದ್ದು ಹೆಚ್ಚಾಯಿತು. ಪಟಪಟ ರೆಕ್ಕೆ ಬಡಿದು ನೆಲಕ್ಕೆ ಬಿತ್ತು, ಹರಟೆಮಲ್ಲರ ನಡುವೆ.

ಪಿಕಳಾರ ಅಂಗೈಯಿಂದ ಚಿಮ್ಮಿತು. ಎಣ್ಣೆ ಬಟ್ಟಲು ಉರುಳಿತು. ಹಕ್ಕಿ ಮೇಲಿನ ಕೊಂಬೆಗೆ ಹೋಗಿ ಕೂತು, ಮೈಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಕೂಗಿತು. ಅದೇ ಹೋದ ಸಲದ ಕೂಗು. ಏಳು ಬಾಯಿಗಳ ಗದ್ದಲದಲ್ಲಿ ಅದು ಕೆಳಗಿನವರೆಗೆ ಇಳಿಯಲೇ ಇಲ್ಲ. ಗಾಳಿ ಎತ್ತಿಕೊಂಡಿತು, ಆದರೆ ಅಷ್ಟು ಮಾತಿನ ರಾಶಿಯಲ್ಲಿ ಯಾವುದನ್ನು ಮೊದಲು ಮುಟ್ಟಿಸಬೇಕೆಂದು ತಿಳಿಯದೆ ಸುತ್ತತೊಡಗಿತು.

ಮರಿ ಎದ್ದು ನಿಂತಿತು. ಎಡಕ್ಕೆ ನೋಡಿತು, ಬೂದಿ. ಬಲಕ್ಕೆ ನೋಡಿತು, ಬೂದಿ. ಹರಟೆಮಲ್ಲರು ಮುಂದೆ ಹೊರಟರು. ಮರಿ ಒಂದು ಹೆಜ್ಜೆ ಅವರ ಹಿಂದೆ ಇಟ್ಟಿತು. ಎರಡನೇ ಹೆಜ್ಜೆ ಇಟ್ಟಿತು.

ಹೂವಕ್ಕ ಕೈ ಚಾಚಿ ಹಿಡಿಯಬಹುದಿತ್ತು. ಮನುಷ್ಯರ ಕೈ ಕಂಡು ಮರಿ ಇನ್ನೂ ಬೇಗ ಓಡೀತೆಂದು ಉಸಿರು ಬಿಗಿಹಿಡಿದು ಕೂತಳು.

ಮೇಲೆ ಪಿಕಳಾರಕ್ಕೆ ನಾಚಿಕೆ ಮರೆತುಹೋಗಿತ್ತು. ಕೂಗುವ ಭರದಲ್ಲಿ ಮೈ ಮುಂದಕ್ಕೆ ಬಾಗಿತ್ತು, ಬಾಲ ಮೇಲೆದ್ದಿತ್ತು.

ಮರಿ ತಿರುಗಿ ಮೇಲೆ ನೋಡಿತು.

ನೆಲದ ಮೇಲೆ ಕೂತಿದ್ದ ಹೂವಕ್ಕನೂ ಮೇಲೆ ನೋಡಿದಳು. ಮರಿಗೆ ಕಂಡದ್ದೇ ಅವಳಿಗೂ ಕಂಡಿತು. ಅಷ್ಟು ಕೆಳಗಿನಿಂದ ಪಿಕಳಾರದ ಮುಖ ಕಾಣುತ್ತಿರಲಿಲ್ಲ. ಹಣೆಯಂತೂ ಇಲ್ಲವೇ ಇಲ್ಲ, ಅದು ಎಲ್ಲೋ ಎಲೆಗಳ ಆಚೆ. ಕಾಣುತ್ತಿದ್ದದ್ದು ಹೊಟ್ಟೆ, ಅದರಾಚೆ ಬಾಲದ ಬುಡದಲ್ಲಿ ಕೆಂಡದಂಥ ಕೆಂಪು. ಗೂಡಿನಲ್ಲಿ ಬಾಯಿ ತೆರೆದು ಕೂತವರಿಗೆ ಹುಟ್ಟಿದಾಗಿನಿಂದ ತಲೆಯ ಮೇಲೆ ಕಂಡದ್ದೂ ಅದೇ. ಅದು ಬಂದರೆ ಹುಳ ಬರುತ್ತಿತ್ತು. ಅದು ಬಂದರೆ ಬೆಚ್ಚಗಾಗುತ್ತಿತ್ತು.

ಮರಿ ಹರಟೆಮಲ್ಲರನ್ನು ಬಿಟ್ಟಿತು. ಕುಪ್ಪಳಿಸಿ ಬುಡದ ಕೊಂಬೆಗೆ ಏರಿತು, ಅಲ್ಲಿಂದ ಇನ್ನೊಂದಕ್ಕೆ, ಅಲ್ಲಿಂದ ತಾಯಿಯ ಪಕ್ಕಕ್ಕೆ ಹೋಗಿ ಒತ್ತಿಕೊಂಡು ಕೂತಿತು. ಗೂಡಿನಲ್ಲಿದ್ದ ಎರಡೂ ಒಂದೊಂದಾಗಿ ಬಂದು ಸೇರಿದವು. ಹರಟೆಮಲ್ಲರು ಹಳದಿಯ ಮಾತು ಬಿಟ್ಟು ನೀಲಿಯ ಮಾತು ಹಿಡಿದುಕೊಂಡು ಬೇಲಿ ದಾಟಿದರು. ಒಂದು ಮರಿ ಬಂದದ್ದೂ ಅವರಿಗೆ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ.

ಬಿಸಿಲು ಇಳಿಯುತ್ತಿತ್ತು. ನೆಲ ಆರಿ ಗಟ್ಟಿಯಾಗುವ ಸದ್ದು ಸಣ್ಣಗೆ ಕೇಳುತ್ತಿತ್ತು. ಬಟ್ಟಲಿನಲ್ಲಿ ಇನ್ನೂ ಬೆರಳದ್ದುವಷ್ಟು ಎಣ್ಣೆ ಉಳಿದಿತ್ತು. ಬಾ, ಹೊತ್ತು ಮೀರಿದರೆ ಬಣ್ಣ ಹಿಡಿದುಬಿಡುತ್ತದೆ ಎಂದು ಹೂವಕ್ಕ ಕರೆದಳು.

ಪಿಕಳಾರ ಕೊಂಬೆಯಿಂದ ಇಳಿಯಲಿಲ್ಲ.

"ಬೇಡ ಅಕ್ಕ," ಎಂದಿತು. "ಹಣೆ ನೋಡುವವರು ಎದುರಿಗೆ ನಿಲ್ಲುವವರು. ನನ್ನ ಮಕ್ಕಳು ನೋಡುವುದು ಕೆಳಗಿನಿಂದ."

ಕಾಗೆ ಅದನ್ನು ಕೇಳಿಸಿಕೊಂಡು, ನಾನು ಹೇಳಿಕೊಟ್ಟದ್ದು ನೋಡಿ ಎಂದು ಊರೆಲ್ಲ ಹೇಳಿಕೊಂಡು ಬಂತು. ಯಾರೂ ಇಲ್ಲವೆನ್ನಲಿಲ್ಲ.

ಹೂವಕ್ಕ ಬಟ್ಟೆಯನ್ನು ಮಡಿಸಿಟ್ಟಳು. ಮಡಿಲಲ್ಲಿ ಕೂಸು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಕಾಳವ್ವ ಬಂದು ಎತ್ತಿಕೊಳ್ಳಲು ಕೈ ಹಾಕಿದಳು. ಕೂಸು ಮುಖ ಕಿವುಚಿ ತಲೆ ತಿರುಗಿಸಿ, ಸಾಂಬ್ರಾಣಿ ಹೊಗೆಯ ವಾಸನೆ ಹಿಡಿದು, ಕಣ್ಣು ಮುಚ್ಚಿಕೊಂಡೇ ಹೂವಕ್ಕನ ಸೆರಗನ್ನು ಹುಡುಕಿ ಹಿಡಿದುಕೊಂಡಿತು. ಅವಳು ಅಷ್ಟು ದಿನ ಅಳುಕಿದ್ದೆಲ್ಲ ಅಲ್ಲಿಗೆ ಮುಗಿಯಿತು.

ಆ ಸಂಜೆ ಲೋಕ ಆರಿತು. ನೆರಳು ಮೈಯಿಂದ ಬೇರೆಯಾಯಿತು. ಅಂದಿನಿಂದ ಯಾರ ಚಿತ್ರಕ್ಕೆ ಏನು ಬಳಿದರೂ ಅವರ ಮೈಗೆ ಹತ್ತುವುದಿಲ್ಲ. ಹೂವಕ್ಕನ ಆ ಕತ್ತಲೆ ಕೋಣೆ ಮಾತ್ರ ಕಾಲ ಕಳೆದಂತೆ ಮುದುಡುತ್ತ ಮುದುಡುತ್ತ ಬಂದು, ನೀವು ಕೈಯಲ್ಲಿ ಹಿಡಿದು ತಿರುಗುವ ಕ್ಯಾಮೆರಾ ಆಗಿದೆ. ಬೇಕಾದರೆ ತಿಳಿದವರನ್ನು ಕೇಳಿ ನೋಡಿ. ಅದರಲ್ಲೂ ಒಂದು ತೂತು, ಒಳಗೆ ಕತ್ತಲೆ, ಚಿತ್ರ ಬೀಳುವುದು ಇವತ್ತಿಗೂ ತಲೆಕೆಳಗೇ.

ಅದಕ್ಕೇ ಅಡುಗೆಮನೆ ಕಿಟಕಿಯ ಪರದೆಯ ಹಿಂದೆ ನೀವು ಉಸಿರು ಬಿಗಿಹಿಡಿದು ಫೋಟೊ ತೆಗೆಯಲು ಕೂತಾಗ, ಹಿತ್ತಲ ಪಿಕಳಾರ ಬಂದು ಕರಿ ತಲೆಯ ಜುಟ್ಟನ್ನೆತ್ತಿ ಹಣೆಯಲ್ಲಿ ಏನಾದರೂ ಇದೆಯೋ ಎಂದು ಒಮ್ಮೆ ನೋಡಿಕೊಂಡು, ಇಲ್ಲವೆಂದು ಖಾತ್ರಿಯಾದ ಮೇಲೆ ಬೆನ್ನು ತಿರುಗಿಸಿ, ಬಿಳಿ ತುದಿಯ ಬಾಲ ಎತ್ತಿ, ಆ ಕೆಂಪನ್ನೇ ನಿಮಗೆ ಮೊದಲು ತೋರಿಸುತ್ತದೆ.